ಗಟ್ಟಿ ಸೆರಾಮಿಕ್ಕನ್ನು ಮೆದುವಾದ ಲಿಥಿಯಂ ಸೀಳುವುದು ಹೇಗೆ?

ಪ್ರಶ್ನೆ:
ಮಾನ್ಯರೇ, ಘನಸ್ಥಿತಿ ಬ್ಯಾಟರಿಗಳ (ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೊಲೈಟ್ ದ್ರವದ ಬದಲು ಘನವಾಗಿರುವ ಬ್ಯಾಟರಿಗಳ) ಆನೋಡ್, ಅಂದರೆ ಋಣ ವಿದ್ಯುದ್ವಾರದ ಬಗ್ಗೆ ಅಭ್ಯಾಸ ಮಾಡುತ್ತಿದ್ದೇನೆ. ಆನೋಡಿಗೆ ಸಾಮಾನ್ಯವಾಗಿ ಬಳಸುವ ಗ್ರಾಫೈಟಿನ ಧಾರಣಶಕ್ತಿ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ, ಲಿಥಿಯಂ ಲೋಹದ್ದು 3860. ಹೀಗಾಗಿ ಲಿಥಿಯಂ ಲೋಹಕ್ಕೆ ಏಕಿಷ್ಟು ಬೇಡಿಕೆ ಎಂಬುದು ತಿಳಿಯುತ್ತದೆ. ಆದರೆ ಗಾರ್ನೆಟ್ ಎಂಬ ಸೆರಾಮಿಕ್ ಎಲೆಕ್ಟ್ರೊಲೈಟ್‌ನ ಶಿಯರ್ ಮಾಡ್ಯುಲಸ್ (ಆಕಾರ ಓರೆಯಾಗದಂತೆ ತಡೆಯುವ ಬಿಗಿತದ ಅಳತೆ) ಸುಮಾರು 60 ಗಿಗಾಪಾಸ್ಕಲ್ ಇದ್ದರೆ ಲಿಥಿಯಂನದು 4ರ ಆಸುಪಾಸಿನಲ್ಲಿದೆ. ಇಷ್ಟು ಮೆದುವಾದ ಲೋಹದ ಡೆಂಡ್ರೈಟ್ (ಚಾರ್ಜ್ ಆಗುವಾಗ ಕವಲೊಡೆದು ಬೆಳೆಯುವ ಎಳೆ) ಅಂಥ ಗಟ್ಟಿ ವಸ್ತುವನ್ನು ದಾಟಿ ಶಾರ್ಟ್ ಮಾಡುವುದು ಹೇಗೆ?

ಮೊದಲ ಉತ್ತರ:
ಎಲೆಕ್ಟ್ರೊಲೈಟ್ ಲಿಥಿಯಂನ ಎರಡು ಪಟ್ಟು ಬಿಗಿಯಾಗಿದ್ದರೆ ಡೆಂಡ್ರೈಟ್ ಬೆಳೆಯದು ಎಂಬ ನಂಬಿಕೆಗೆ ಮೂಲ, ಸಂಶೋಧಕರಾದ ಮನ್ರೋ ಮತ್ತು ನ್ಯೂಮನ್ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆ. ಅದು ಪಾಲಿಮರ್ ಎಲೆಕ್ಟ್ರೊಲೈಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮೇಲ್ಮೈಗಳು ಎಲ್ಲೆಡೆ ಸರಿಯಾಗಿ ಕೂಡಿವೆ ಎಂದು ಭಾವಿಸಿ ಮಾಡಿದ ಲೆಕ್ಕ. ಸೆರಾಮಿಕ್ ಗಟ್ಟಿಯೇನೋ ಹೌದು, ಆದರೆ ಪೆಡಸು, ಬಾಗದೆ ಒಡೆಯುವಂಥದ್ದು. ಅದು ಎಲ್ಲಿ ಒಡೆಯುತ್ತದೆ ಎಂಬುದನ್ನು ಅದರಲ್ಲಿ ಮೊದಲೇ ಇರುವ ಸೂಕ್ಷ್ಮ ಬಿರುಕುಗಳು ತೀರ್ಮಾನಿಸುತ್ತವೆ. ಚಾರ್ಜ್ ಆಗುವಾಗ ಅಂಥ ಬಿರುಕಿನೊಳಗೆ ಕೂಡುವ ಲಿಥಿಯಂಗೆ ಹೊರಬರಲು ದಾರಿಯಿಲ್ಲದೆ ಒತ್ತಡ ಏರುತ್ತದೆ, ಬಿರುಕಿನ ತುದಿ ಬಾಯಿ ಬಿಡುತ್ತದೆ, ತೆರೆದ ಜಾಗಕ್ಕೆ ಮತ್ತಷ್ಟು ಲಿಥಿಯಂ ಬಂದು ತುಂಬುತ್ತದೆ.

ಎರಡನೆಯ ಉತ್ತರ:
ಮೇಲಿನ ಮಾತಿಗೆ ಡಿಸ್ಚಾರ್ಜ್‌ನ ಪಾಲನ್ನು ಸೇರಿಸಲೇಬೇಕು. ನನ್ನ ದೃಷ್ಟಿಯಲ್ಲಿ ತೊಂದರೆ ಹುಟ್ಟುವುದೇ ಅಲ್ಲಿ. ಲೋಹದ ಮೇಲ್ಮೈಯಿಂದ ಲಿಥಿಯಂ ಕಳಚಿಹೋಗುವ ವೇಗಕ್ಕೆ ಒಳಗಿನ ಲೋಹ ಸರಿದು ಬಂದು ಜಾಗ ತುಂಬಲಾಗದಿದ್ದರೆ ಅಲ್ಲಿ ಟೊಳ್ಳುಗಳಾಗಿ ಸಂಪರ್ಕವಿರುವ ವಿಸ್ತೀರ್ಣ ಕುಗ್ಗುತ್ತದೆ. ಮುಂದಿನ ಚಾರ್ಜ್‌ನಲ್ಲಿ ಅಷ್ಟೂ ಕರೆಂಟ್ ಉಳಿದ ಕೆಲವೇ ಬಿಂದುಗಳಲ್ಲಿ ಹರಿಯುವುದರಿಂದ ಡೆಂಡ್ರೈಟ್ ಅಲ್ಲಿಂದಲೇ ಹೊರಡುತ್ತದೆ. ಹೊರಗಿನಿಂದ ಒತ್ತಿ ಹಿಡಿದರೆ ಟೊಳ್ಳು ತಗ್ಗುತ್ತದೆ, ನಿಜ. ಒತ್ತಡ ಮಿತಿಮೀರಿದರೆ ಮೆದು ಲಿಥಿಯಂ ಎಲೆಕ್ಟ್ರೊಲೈಟ್‌ನ ರಂಧ್ರಗಳಿಗೇ ನುಗ್ಗುತ್ತದೆ. ಗಾಳಿಗೆ ತೆರೆದಿಟ್ಟ ಗಾರ್ನೆಟ್ ಮೇಲೆ ಕೂರುವ ಲಿಥಿಯಂ ಕಾರ್ಬೊನೇಟ್ ಪದರವನ್ನು ತೆಗೆಯದಿದ್ದರಂತೂ ಸಂಪರ್ಕ ಮೊದಲಿನಿಂದಲೇ ಕೆಟ್ಟಿರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಲೋಹವನ್ನು ಬಿಟ್ಟು ಸಿಲಿಕಾನ್ ಬಳಸುವುದು ಜಾಣತನವೇ? ಅದು ಮೂರು ಪಟ್ಟಿಗೂ ಮಿಕ್ಕಿ ಉಬ್ಬುತ್ತದಲ್ಲ?

ಮೂರನೆಯ ಉತ್ತರ:
ಉಬ್ಬುತ್ತದೆ. ಆದರೂ ಸಿಲಿಕಾನ್‌ಗೆ ದ್ರವಕ್ಕಿಂತ ಘನ ಎಲೆಕ್ಟ್ರೊಲೈಟ್ ಹೆಚ್ಚು ಒಗ್ಗುತ್ತದೆ ಎಂಬುದೇ ಇಲ್ಲಿನ ಸ್ವಾರಸ್ಯ. ದ್ರವವು ಪ್ರತಿ ಹೊಸ ಬಿರುಕಿಗೂ ಇಳಿದು ಅಲ್ಲಿ ಹೊಸ ಪದರ ಕಟ್ಟುತ್ತ ಲಿಥಿಯಂ ಅನ್ನು ವ್ಯರ್ಥ ಮಾಡುತ್ತದೆ. ಘನ ಎಲೆಕ್ಟ್ರೊಲೈಟ್ ಒಂದೇ ಮುಖದಲ್ಲಿ ತಾಗಿ ನಿಲ್ಲುವುದರಿಂದ ಆ ನಷ್ಟಕ್ಕೆ ಮಿತಿಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡ 2021ರಲ್ಲಿ ಕಾರ್ಬನ್ ಬೆರೆಸದೆ, ತೂಕದಲ್ಲಿ 99.9 ಪ್ರತಿಶತ ಸೂಕ್ಷ್ಮ ಸಿಲಿಕಾನ್ ಇದ್ದ ಆನೋಡನ್ನು ಸಲ್ಫೈಡ್ (ಗಂಧಕವಿರುವ) ಘನ ಎಲೆಕ್ಟ್ರೊಲೈಟ್ ಜೊತೆ ಬಳಸಿ, 500 ಆವರ್ತನಗಳ (ಚಾರ್ಜ್-ಡಿಸ್ಚಾರ್ಜ್ ಸುತ್ತುಗಳ) ನಂತರವೂ 80 ಪ್ರತಿಶತ ಧಾರಣಶಕ್ತಿ ಉಳಿದುದನ್ನು ತೋರಿಸಿತು. ಇನ್ನೊಂದು ದಾರಿ, ಸ್ಯಾಮ್‌ಸಂಗ್ ಸಂಶೋಧಕರು 2020ರಲ್ಲಿ ವರದಿ ಮಾಡಿದ ತೆಳು ಬೆಳ್ಳಿ-ಕಾರ್ಬನ್ ಪದರ: ಹೆಚ್ಚುವರಿ ಲಿಥಿಯಂ ಹಾಕದೆ, ಚಾರ್ಜ್ ಆಗುವಾಗ ಕ್ಯಾಥೋಡಿನಿಂದ (ಧನ ವಿದ್ಯುದ್ವಾರದಿಂದ) ಬಂದ ಲಿಥಿಯಂ ಆ ಪದರದಡಿ ಸಮವಾಗಿ ಕೂಡುವಂತೆ ಮಾಡಿ ಅವರು 1000ಕ್ಕೂ ಹೆಚ್ಚು ಆವರ್ತನ ಪಡೆದರು. ಪರೀಕ್ಷೆ ನಡೆದದ್ದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಬುದನ್ನು ಮರೆಯಬಾರದು.

ಪ್ರಬಂಧಗಳನ್ನು ಓದುವಾಗ ಕೋಶವನ್ನು ಎಷ್ಟು ಒತ್ತಡದಲ್ಲಿ ಹಿಡಿದಿದ್ದರು, ಆನೋಡ್ ಇಂಡಿಯಂ-ಲಿಥಿಯಂ ಆಗಿತ್ತೇ ಎಂಬುದನ್ನು ಮೊದಲು ನೋಡಿ. ಆ ಮಿಶ್ರಲೋಹದ ವಿಭವ (ವಿದ್ಯುತ್ ಮಟ್ಟ) ಲಿಥಿಯಂಗಿಂತ 0.62 ವೋಲ್ಟ್ ಮೇಲಿದ್ದು ಬಹಳ ಸ್ಥಿರವಾಗಿರುವುದರಿಂದ ಎಲೆಕ್ಟ್ರೊಲೈಟನ್ನೋ ಕ್ಯಾಥೋಡನ್ನೋ ಪರೀಕ್ಷಿಸಲು ಅನುಕೂಲ; ಅಲ್ಲಿ ಬಂದ ಆವರ್ತನಗಳ ಸಂಖ್ಯೆಯಿಂದ ಲಿಥಿಯಂ ಲೋಹದ ಬಾಳಿಕೆಯನ್ನು ಊಹಿಸಲಾಗದು.