ಅಪ್‌ಡೇಟ್: ರೌಂಡ್‌ಹೌಸ್ ಕಿಕ್ ಹೊಡೆದಾಗ ಮಂಡಿ ನೋವು

ಶಾಲೆಯ ಟೇಕ್ವಾಂಡೋ ಮಕ್ಕಳಿಗೆ ರೌಂಡ್‌ಹೌಸ್ ಕಿಕ್‌ನಲ್ಲಿ (ಸೊಂಟ ತಿರುಗಿಸಿ ಪಕ್ಕದಿಂದ ಕಾಲು ಬೀಸಿ ಒದೆಯೋದು) ಊರಿದ ಕಾಲಿನ ಮಂಡಿ ನೋಯುತ್ತೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಕೆಲಸಕ್ಕೆ ಬಂದದ್ದು ಗೋಡೆ ಹಿಡಿದು ಅಭ್ಯಾಸ ಮಾಡಿಸಿ ಅನ್ನೋ ಸಲಹೆ. ಒಂದು ಕೈ ಗೋಡೆಗೆ. ಮಂಡಿ ಎತ್ತುತ್ತಲೇ ಊರಿದ ಕಾಲಿನ ಹಿಮ್ಮಡಿ ಕೂದಲೆಳೆಯಷ್ಟು ಮೇಲೇಳಬೇಕು, ಪಾದದ ಮುಂಭಾಗದ ಮೇಲೆ ತಿರುಗಿ ಗುರಿಯ ಕಡೆ ಬರಬೇಕು, ಆಮೇಲಷ್ಟೇ ಒದೆತ. ಪಾದ ಮ್ಯಾಟಿಗೆ ಕಚ್ಚಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚೆಲ್ಲ ಮಂಡಿಗೇ ಬೀಳುತ್ತೆ. ಪ್ರತಿ ಕಾಲಿಗೆ ನಿಧಾನವಾಗಿ 10 ಸಾಕು.

ಉಳಿದ ಸಲಹೆಗಳಲ್ಲಿ, ಸ್ಟ್ರೆಚಿಂಗ್ ಹೆಚ್ಚಿಸಿದ್ದರಿಂದ ಒದೆತ ಎತ್ತರಕ್ಕೆ ಹೋಯ್ತು, ನೋವು ಹೋಗಲಿಲ್ಲ. ಸಾಕ್ಸ್ ಹಾಕಿಸೋದಂತೂ ಬೇಡವೇ ಬೇಡ: ತಿರುಗೋದು ಸಲೀಸು, ಕಾಲಿಳಿಸುವಾಗ ಜಾರುತ್ತೆ. ಯಾರೂ ಹೇಳದಿದ್ದ ವಿಷಯ, ಬೆವರಿದ ಅಂಗಾಲು ಮ್ಯಾಟಿಗೆ ಅಂಟಿಕೊಳ್ಳುತ್ತೆ, ನಡುನಡುವೆ ಒರೆಸಿಸಿ. ಆದ್ರೆ ಮಂಡಿ ಊದಿಕೊಂಡಿದ್ರೆ ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.