ನರ್ಸುಗಳೂ ವೈದ್ಯರೂ ಬಡ ದೇಶ ಬಿಟ್ಟು ಹೊರಡುವುದೇಕೆ?

ಪ್ರಶ್ನೆ (ಪೊನ್ನಂಪೇಟೆ):
ನನ್ನ ಅಣ್ಣನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಜರ್ಮನಿಗೆ ಹೋಗಲೆಂದು ಅಲ್ಲಿಯ ಭಾಷೆ ಕಲಿಯುತ್ತಿದ್ದಾಳೆ. ತಜ್ಞ ವೈದ್ಯರನ್ನು ಕಾಣಲು ನಮ್ಮೂರಿನವರು ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಿರುವಾಗ ಕಲಿತವರು ದೇಶವನ್ನೇ ಬಿಡುವುದು ಸರಿಯೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ನಮಗಿಂತ ಬಡ ದೇಶಗಳವರೂ ಹೀಗೆ ಹೋಗುತ್ತಾರೆ. ಸಂಬಳವೊಂದೇ ಇದಕ್ಕೆ ಕಾರಣವೇ?

ಉತ್ತರ 1 (ಮಡಿಕೇರಿ, ನಿವೃತ್ತ ಶುಶ್ರೂಷಾಧಿಕಾರಿ):
ಸಂಬಳ ದೊಡ್ಡ ಕಾರಣವೇ. ಅದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿಯು ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ನರ್ಸುಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು 2016ರಲ್ಲಿಯೇ ಶಿಫಾರಸು ಮಾಡಿತ್ತು. ಅಷ್ಟೂ ಸಿಗದ ಹುಡುಗಿಯರನ್ನು ನಾನು ಬಲ್ಲೆ. ಅದರ ಮೇಲೆ ಓದಿನ ಸಾಲ, ಒಬ್ಬರೇ ಇಡೀ ವಾರ್ಡು ನೋಡಿಕೊಳ್ಳಬೇಕಾದ ರಾತ್ರಿ ಪಾಳಿ, ವರ್ಷಗಟ್ಟಲೆ ದುಡಿದರೂ ಸಿಗದ ಬಡ್ತಿ. ಮಗುವನ್ನು ದೂಷಿಸಬೇಡಿ ಎಂದು ಹಿರಿಯರಿಗೆ ಹೇಳಿ.

ಉತ್ತರ 2 (ಕುಶಾಲನಗರ):
ಆಫ್ರಿಕಾದ ಸ್ಥಿತಿ ಇನ್ನೂ ಕಠಿಣವಾದುದು. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿಯ ಪ್ರಕಾರ ಜಗತ್ತಿನ ರೋಗಭಾರದಲ್ಲಿ (ರೋಗ ಮತ್ತು ಅಕಾಲ ಮರಣಗಳಿಂದಾಗುವ ಒಟ್ಟು ಹಾನಿಯಲ್ಲಿ) ಶೇ. 24ರಷ್ಟು ಆ ಖಂಡದ ಪಾಲಿಗಿದ್ದರೂ ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಅಲ್ಲಿದ್ದವರು ಶೇ. 3 ಮಾತ್ರ. ವಿಚಿತ್ರವೆಂದರೆ, ಕೀನ್ಯಾದಂತಹ ದೇಶಗಳಲ್ಲಿ ಆಸ್ಪತ್ರೆಗಳಿಗೆ ನರ್ಸುಗಳ ಕೊರತೆಯಿದ್ದರೂ ಸರ್ಕಾರದ ಬಳಿ ಸಂಬಳಕ್ಕೆ ಹಣವಿಲ್ಲದೆ ತರಬೇತಾದವರು ನಿರುದ್ಯೋಗಿಗಳಾಗಿ ಕೂರುತ್ತಾರೆ. ಅವರಿಗೆ ಊರಿನಲ್ಲಿರುವ ಆಯ್ಕೆಯಾದರೂ ಎಲ್ಲಿದೆ? ಆಫ್ರಿಕಾದ ಮಲಾವಿ ದೇಶವು 2004ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿಯ ಸಂಬಳಕ್ಕೆ ಶೇ. 52ರಷ್ಟು ಸೇರಿಸಿ, ತರಬೇತಿಯನ್ನೂ ಹೆಚ್ಚಿಸಿತು. ಸಿಬ್ಬಂದಿಯ ಸಂಖ್ಯೆಯೂ ಏರಿತು.

ಇನ್ನು ಶ್ರೀಮಂತ ದೇಶಗಳ ಹೊಣೆ. ಮುದುಕರ ಸಂಖ್ಯೆ ಹೆಚ್ಚುತ್ತಿದ್ದರೂ ತಮಗೆ ಬೇಕಾದಷ್ಟು ನರ್ಸುಗಳನ್ನು ತಾವೇ ತರಬೇತುಗೊಳಿಸದೆ, ಬೇರೆ ದೇಶ ಖರ್ಚುಮಾಡಿ ಕಲಿಸಿದವರನ್ನು ಅವು ಕರೆದೊಯ್ಯುತ್ತವೆ. ಇದನ್ನು ಹತೋಟಿಗೆ ತರಲು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿತು. ಆದರೆ ಅದನ್ನು ಪಾಲಿಸಲೇಬೇಕೆಂಬ ಕಾನೂನಿನ ಬಲ ಅದಕ್ಕಿಲ್ಲ.

ಉತ್ತರ 3 (ವಿರಾಜಪೇಟೆ):
ಸರ್ಕಾರಿ ಸೀಟಿನಲ್ಲಿ ಓದಿದ ವೈದ್ಯರು ಕೆಲವು ವರ್ಷವಾದರೂ ಹಳ್ಳಿಯಲ್ಲಿ ದುಡಿಯಬೇಕೆಂಬುದು ನನ್ನ ನಿಲುವು. ಆ ಓದಿನ ವೆಚ್ಚದಲ್ಲಿ ಕೂಲಿಯವರ ತೆರಿಗೆಯೂ ಸೇರಿದೆ. ಸಾಲ ಮಾಡಿ ಓದಿದ ನರ್ಸಿಗೆ ಅದೇ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಅಣ್ಣನ ಮಗಳು ಏಜೆಂಟರಿಗೆ ಹಣ ಕೊಡುವ ಮೊದಲು ಅವರಿಗೆ ಕೇಂದ್ರ ಸರ್ಕಾರದ ಪರವಾನಗಿ ಇದೆಯೇ ಎಂದು ನೋಡಲಿ. ಕೆಲಸದ ಒಪ್ಪಂದವನ್ನು ಪೂರ್ತಿ ಓದಿಯೇ ಸಹಿ ಹಾಕಲಿ.