ಪದ್ಮಿನಿ ಕಾರಿನ ಪೆಟ್ರೋಲಿಗೆ 2ಟಿ ಆಯಿಲ್ ಹಾಕಬೇಕಾ?

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಎಚ್ಚರ!! ಈ20 (ಶೇ. 20 ಎಥೆನಾಲ್ ಬೆರೆತ) ಪೆಟ್ರೋಲ್‌ನಿಂದ ಹಳೇ ಕಾರುಗಳ ಇಂಜಿನ್ ಒಂದೇ ವರ್ಷದಲ್ಲಿ ಸೀಜ್ (ಜಾಮ್)! ಪದ್ಮಿನಿ, ಅಂಬಾಸಿಡರ್, ಮಾರುತಿ 800 ಇರುವವರು 10 ಲೀಟರಿಗೆ 100 ಮಿ.ಲೀ. 2ಟಿ (ಟೂ-ಸ್ಟ್ರೋಕ್ ಸ್ಕೂಟರಿನ) ಆಯಿಲ್ ಹಾಕಿ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ನಾನು ಆವತ್ತೇ ಹೇಳಿದ್ದೆ.

ಕಿಟ್ಟಿ: ದೊಡ್ಡಪ್ಪ, ಇದನ್ನ ಬರೆದವರು ಯಾರು? ಯಾವ ಇಂಜಿನ್ ಬಿಚ್ಚಿ ನೋಡಿದ್ರಂತೆ?

ಮಂಡ್ಯ ಚಿಕ್ಕಪ್ಪ: ಕಬ್ಬಿಂದ್ಲೂ ಎಥೆನಾಲ್ ಆಯ್ತದೆ. ಕಬ್ಬು ಬೆಳೆಯೋನ್ಗೆ ನಾಕು ಕಾಸು ಸಿಕ್ತದೆ ಅಂದ್ರೆ ಸಾಕು, ಮೈಸೂರೋರ್ ಇಂಜಿನ್ ಸೀಜ್ ಆಯ್ತದೆ.

ದೊಡ್ಡಪ್ಪ: ಕಬ್ಬಿನ ಬಗ್ಗೆ ನಾನೆಲ್ಲಿ ಮಾತಾಡ್ದೆ? 1933ರಲ್ಲಿ ಮಂಡ್ಯದ ಮೈಷುಗರ್ ಕಾರ್ಖಾನೆ ಶುರುವಾದಾಗಿಂದ ಈ ಮನೆ ಉಂಡಿದ್ದೇ ಕಬ್ಬಿನ ದುಡ್ಡು. ದೊಡ್ಡೋರು ಒಳ್ಳೇದಕ್ಕೆ ಹೇಳಿದ್ರೂ ಈಗ ತಪ್ಪು.

ಮಂಡ್ಯ ಚಿಕ್ಕಪ್ಪ: ಪಾಲಾದಾಗ ಪದ್ಮಿನಿ ಯಾರ ಕಡೆ ಹೋಯ್ತು ಅನ್ನೋದೂ ಹೇಳಣ್ಣ.

ಅತ್ತೆ: ಬೆಳಗ್ಗೆ ಬೆಳಗ್ಗೆ ಪಾಲಿನ ಮಾತು ಬೇಡ. ಮಕ್ಕಳೂ ಇದ್ದಾರೆ ಈ ಗುಂಪಲ್ಲಿ.

ಕಿಟ್ಟಿ: 2ಟಿ ಆಯಿಲ್ ಹಾಕ್ಬೇಡಿ ದೊಡ್ಡಪ್ಪ. ಎಥೆನಾಲ್ ಮೊದಲು ಹಿಡಿಯೋದು ರಬ್ಬರನ್ನ. ಹಳೇ ಪೆಟ್ರೋಲ್ ಪೈಪು ಉಬ್ಬಿ, ಮೆತ್ತಗಾಗಿ, ಬಿರುಕು ಬಿಡುತ್ತೆ. ಇಂಜಿನ್ ಪಕ್ಕದ ಪೆಟ್ರೋಲ್ ಪಂಪಿನ (ಎಸಿ ಪಂಪು ಅಂತಾರಲ್ಲ, ಅದು) ಡಯಾಫ್ರಾಮ್, ಅಂದ್ರೆ ಒಳಗಿನ ತೆಳು ಪೊರೆ ಕೂಡ ಅಷ್ಟೆ. ಅದು ಹರಿದ್ರೆ ಪೆಟ್ರೋಲ್ ನೇರ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದು ನೋಡಿ: ಆಯಿಲ್ ಮಟ್ಟ ಏರಿದ್ರೆ, ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡ್ಲೇಬೇಡಿ. ತೆಳುವಾದ ಆಯಿಲಲ್ಲಿ ಓಡಿಸಿದ್ರೆ ಬೇರಿಂಗ್ ಹೋಗುತ್ತೆ. 2ಟಿ ಇದ್ಯಾವುದನ್ನೂ ತಡೆಯಲ್ಲ, ಸ್ಪಾರ್ಕ್ ಪ್ಲಗ್‌ಗೆ ಮಸಿ ಕಟ್ಟಿಸುತ್ತೆ.

ಚಂದ್ರು: ಪದ್ಮಿನಿ ಅಂದ್ರೆ ಸ್ಟೀರಿಂಗ್ ಪಕ್ಕದ ಗೇರು! ಆದ್ರೂ ನನ್ನ ಕನಸು ಕಾಂಟೆಸ್ಸಾ ಕಾರೇ, ಇಸುಜು ಇಂಜಿನ್ನಿನ 1.8 ಲೀಟರ್. ದಸರಾ ದೀಪದಲ್ಲಿ ಅರಮನೆ ಸುತ್ತ ಒಂದು ರೌಂಡ್ ❤️ ಶ್ರೀರಂಗಪಟ್ಟಣದ ಪಯಣ ಕಾರು ಮ್ಯೂಸಿಯಂಗೆ ಎಲ್ಲರೂ ಹೋಗೋಣ್ವಾ?

ಕಿಟ್ಟಿ: ಕಾಂಟೆಸ್ಸಾ ತಯಾರಿಕೆ ನಿಂತಿದ್ದು 2002ರಲ್ಲಿ. ಕೊಳ್ಳೋದಾದ್ರೆ ಬಾಗಿಲ ಕೆಳಗಿನ ತಗಡು, ಡಿಕ್ಕಿ ನೆಲ ತುಕ್ಕು ಹಿಡಿದಿದೆಯಾ ನೋಡು. ಗಾಜಿನ ಬೀಡಿಂಗು, ಲೈಟು ಹುಡುಕೋದು ಇಂಜಿನ್ ಸಾಮಾನಿಗಿಂತ ಕಷ್ಟ.

ದೊಡ್ಡಪ್ಪ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ. ಹಾಗಾದ್ರೆ ಸೀಜ್ ಅನ್ನೋದು ಪೂರ್ತಿ ಸುಳ್ಳಾ?

ಕಿಟ್ಟಿ: ಒಂದು ವರ್ಷದಲ್ಲಿ ಸೀಜ್ ಅನ್ನೋದು ಸುಳ್ಳು, ತೊಂದರೆ ಇರೋದು ನಿಜ. ಎಥೆನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಗಾಳಿ, ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರಿಗೆ ಅದು ಗೊತ್ತಾಗಲ್ಲ, ಗಾಡಿ ಲೀನ್ (ಗಾಳಿ ಜಾಸ್ತಿ, ಇಂಧನ ಕಮ್ಮಿ) ಓಡಿ ಬಿಸಿಯಾಗುತ್ತೆ. ಪ್ಲಗ್ ತುದಿಯ ಪಿಂಗಾಣಿ ಬೆಳ್ಳಗಿದ್ರೆ ಲೀನ್, ತಿಳಿ ಕಂದು ಇದ್ರೆ ಸರಿ. 2ಟಿ ಬೆರೆಸಿದ್ರೆ ಆಯಿಲ್ ಕೂಡ ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲೇ (ಪೆಟ್ರೋಲ್ ಹಾಯೋ ಸಣ್ಣ ರಂಧ್ರದ ಬಿಡಿಭಾಗ) ಹೋಗ್ಬೇಕು, ಪೆಟ್ರೋಲ್ ಅಷ್ಟು ಕಮ್ಮಿಯಾಗುತ್ತೆ.

ಮಂಡ್ಯ ಚಿಕ್ಕಪ್ಪ: ಎಥೆನಾಲ್‌ಗೆ ಆಕ್ಟೇನ್ ಜಾಸ್ತಿ ಅನ್ನೋದ್ನೂ ಹೇಳ್ಲಾ.

ಕಿಟ್ಟಿ: ಹೌದು ಚಿಕ್ಕಪ್ಪ, ನಾಕಿಂಗ್ (ಇಂಜಿನ್ ಒಳಗಿನ ಟಕಟಕ ಬಡಿತ) ಕಮ್ಮಿಯಾಗುತ್ತೆ. ಆದ್ರೆ ಲೀಟರಿಗೆ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೆ, ಮೈಲೇಜ್ ಇಳಿಯುತ್ತೆ. ಎರಡೂ ನಿಜ.

ಮಂಡ್ಯ ಚಿಕ್ಕಪ್ಪ: ಅಣ್ಣನ ಪರವಾಗೇ ಮಾತಾಡ್ತೀಯ ನೀನು, ಯಾವತ್ತೂ.

ಅತ್ತೆ: ಏನು ಮಾಡ್ಬೇಕು ಅಂತ ಮೊದಲು ಹೇಳೋ ಕಿಟ್ಟಿ.

ಕಿಟ್ಟಿ: ಟ್ಯಾಂಕಿಂದ ಕಾರ್ಬ್ಯುರೇಟರ್ ತನಕ ರಬ್ಬರ್ ಪೈಪೆಲ್ಲ ಬದಲಿಸಿ. ಮೇಲೆ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ದರ್ಜೆಯ ಗುರುತು) ಅಂತ ಅಚ್ಚಿರೋದೇ ತನ್ನಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ. ಪಂಪಿಗೆ ಎಥೆನಾಲ್ ತಡೆಯೋ ಡಯಾಫ್ರಾಮ್ ಕಿಟ್. ಎಥೆನಾಲ್ ಟ್ಯಾಂಕಿನ ಹಳೇ ಅಂಟು, ತುಕ್ಕು ಎಲ್ಲ ಕಿತ್ತು ತರುತ್ತೆ, ಮೊದಮೊದಲು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ, ಒಂದು ಹೆಚ್ಚಿಗೆ ಡಿಕ್ಕಿಯಲ್ಲಿರಲಿ. ಅರ್ಧ ಟ್ಯಾಂಕಲ್ಲಿ ತಿಂಗಳುಗಟ್ಟಲೆ ನಿಲ್ಲಿಸ್ಬೇಡಿ. ತೇವ ಎಳೆದುಕೊಂಡು, ನೀರು ಜಾಸ್ತಿಯಾದ್ರೆ ಎಥೆನಾಲ್ ನೀರಿನ ಜೊತೆ ತಳಕ್ಕಿಳಿಯುತ್ತೆ. ಪಂಪು ಮೊದಲು ಎಳೆಯೋದು ಅದನ್ನೇ.

ದೊಡ್ಡಪ್ಪ: ಜೆಟ್ಟು?

ಕಿಟ್ಟಿ: ಈಗಿನದರ ಮೇಲಿರೋ ನಂಬರ್ ಓದಿ. ಅದು ರಂಧ್ರದ ಅಳತೆ, 120 ಅಂದ್ರೆ 1.20 ಮಿ.ಮೀ. ಅದಕ್ಕೆ 125 ಹಾಕಿದ್ರೆ ರಂಧ್ರದ ವಿಸ್ತೀರ್ಣ ಶೇ. 8ರಷ್ಟು ಹೆಚ್ಚುತ್ತೆ, ಈ20ಗೆ ಹೆಚ್ಚೂಕಮ್ಮಿ ಅಷ್ಟೇ ಬೇಕಾಗಿರೋದು. ತಂತಿ ತೂರಿಸಿ ಹಿಗ್ಗಿಸ್ಬೇಡಿ.

ಮಂಡ್ಯ ಚಿಕ್ಕಪ್ಪ: 130 ಹಾಕುದ್ರೆ ಏನಾಯ್ತದ್ಲಾ?

ಕಿಟ್ಟಿ: ಕಪ್ಪು ಹೊಗೆ ಚಿಕ್ಕಪ್ಪ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದ್ರೆ ರಿಂಗ್ ಸವೆಯುತ್ತೆ. ಮೊದಲು 125 ಹಾಕಿ ಮಳವಳ್ಳಿ ಕಡೆ ಓಡಿಸಿ, ಪ್ಲಗ್ ಬಿಚ್ಚಿ ಫೋಟೋ ಹಾಕ್ಸಿ.

ಮಂಡ್ಯ ಚಿಕ್ಕಪ್ಪ: ನಾನೇ ಓಡಿಸ್ತೀನಿ. ಕೀ ಕಳಿಸ್ಲಿ ಅಣ್ಣ.